ಎಲ್ಲಿಗೂ ಹೋಗದವರ ಸಾಹಸಕ್ಕೂ ಸ್ವಲ್ಪ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಪ್ರವಾಸದ ಪುಟಗಳು ಶುರುವಾಗುತ್ತವೆ. ಕೊಡಗಿಗೆ ಹೋಗಿ, ಚಿಕ್ಕಮಗಳೂರಿಗೆ ಹೋಗಿ, ಬೆಟ್ಟ ಹತ್ತಿ. ಓದಲು ನನಗೂ ಇಷ್ಟ. ಆದರೆ ನಮ್ಮ ಮನೆಯ ಲೆಕ್ಕ ಬೇರೆ. ಅತ್ತೆಗೆ ಮೊಣಕಾಲು ನೋವು, ಯಜಮಾನರಿಗೆ ರಜೆ ಸಿಗುವುದಿಲ್ಲ, ಹೊರಗೆ ಕಾಲಿಟ್ಟರೆ ರಾಯಚೂರಿನ ಬಿಸಿಲು. ಹೋದ ವರ್ಷ ನಾವು ಎಲ್ಲಿಗೂ ಹೋಗಲಿಲ್ಲ. ಆದರೂ ಮಾಳಿಗೆಯ ಮೇಲೆ ಮತ್ತು ಅಡುಗೆಮನೆಯಲ್ಲಿ ಆ ವರ್ಷ ನಡೆದಷ್ಟು ಸಾಹಸ ಯಾವತ್ತೂ ನಡೆದಿರಲಿಲ್ಲ. ಅದನ್ನು ನಿಮಗೆ ಹೇಳಬೇಕು, ಜೊತೆಗೆ ಒಂದು ವಿನಂತಿಯೂ ಇದೆ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ, ಬಣ್ಣದ ಡಬ್ಬಿ ಅಂತೀವಲ್ಲ, 20 ಲೀಟರಿನದು, ಅದರ ತಳಕ್ಕೆ ತೂತು ಹಾಕಿ, ಮಸಾರಿ (ಕೆಂಪು) ಮಣ್ಣು ಮತ್ತು ಹಳೆಯ ಸಗಣಿ ಗೊಬ್ಬರ ತುಂಬಿ ಎರಡು ಹೀರೇಕಾಯಿ ಬೀಜ ಊರಿದೆ. ಮುಂದೆ ಇನ್ನೊಂದು ಮಹಡಿ ಕಟ್ಟೋಣ ಎಂದು ಬಿಟ್ಟ ಕಬ್ಬಿಣದ ಕಂಬಿಗಳಿಗೆ ದಾರ ಕಟ್ಟಿ ಬಳ್ಳಿ ಹಬ್ಬಿಸಿದೆ. ಒಂದೂವರೆ ತಿಂಗಳಿಗೆ ಹೂವೇ ಹೂವು. ಕಾಯಿ ಮಾತ್ರ ಒಂದೂ ಇಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡಿದರೆ ಹೂಗಳು ಕೆಳಗೆ ಉದುರಿ ಬಿದ್ದಿರುತ್ತಿದ್ದವು.

ಪಕ್ಕದ ಮನೆಯ ಕಾಕಾ ಹಳ್ಳಿಯಲ್ಲಿ ಒಕ್ಕಲುತನ ಮಾಡಿದವರು. ಅವರನ್ನು ಮಾಳಿಗೆಗೆ ಕರೆದುಕೊಂಡು ಬಂದೆ. "ಇವೆಲ್ಲ ಗಂಡು ಹೂವ ನೋಡವ್ವ, ಗೊಂಚಲದಾಗ ಬರ್ತಾವ. ಹೆಣ್ಣು ಹೂವಿನ ಹಿಂದ ಎಳಿ ಕಾಯಿ ಇರ್ತದ. ಅದು ಬರೋತನ ಕಾಯಬೇಕು" ಎಂದರು. ಕಾದೆ. ಹತ್ತು ದಿನಕ್ಕೆ ಹೆಣ್ಣು ಹೂವೂ ಬಂತು, ಹಿಂದೆ ಬೆರಳುದ್ದದ ಕಾಯಿ ಇಟ್ಟುಕೊಂಡು. ಅದೂ ಹಳದಿಯಾಗಿ ಬಿದ್ದುಹೋಯಿತು. ಆಗ ಕಾಕಾ ಹೇಳಿದ್ದು ಇನ್ನೊಂದು. ಇಷ್ಟು ಎತ್ತರಕ್ಕೆ, ಸುತ್ತ ಒಂದು ಗಿಡವಿಲ್ಲದ ಕಡೆ ಹುಳುಗಳು ಸಾಕಷ್ಟು ಬರುವುದಿಲ್ಲ, ನೀನೇ ಮುಟ್ಟಿಸಬೇಕು ಎಂದು.

ಮಾರನೇ ದಿನ ಬೆಳಿಗ್ಗೆ ಎದ್ದು ಹೋದರೆ ಹೂ ಆಗಲೇ ಬಾಡಿತ್ತು. ಹೀರೇಕಾಯಿ ಹೂ ಅರಳುವುದು ಸಂಜೆಗೆ ಎಂದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು! ಇಷ್ಟು ವರ್ಷ ಆ ಕಾಯಿ ಹೆರೆದಿದ್ದೇನೆ, ಅದರ ಹೂವನ್ನು ಮಾತ್ರ ಒಂದು ದಿನವೂ ನಿಂತು ನೋಡಿರಲಿಲ್ಲ. ಅವತ್ತು ಸಂಜೆ ಆರರ ಮೇಲೆ ಮಗ ಮೊಬೈಲ್ ಬೆಳಕು ಹಿಡಿದ, ನಾನು ಗಂಡು ಹೂವಿನ ಪಕಳೆ ಬಿಡಿಸಿ ಅದರ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದೆ. ಮೂರು ದಿನ ನಿದ್ದೆ ಸರಿ ಬರಲಿಲ್ಲ, ನಿಜವಾಗಿ ಹೇಳುತ್ತಿದ್ದೇನೆ. ನಾಲ್ಕನೇ ದಿನಕ್ಕೂ ಕಾಯಿ ಹಸಿರಾಗೇ ಇತ್ತು, ಸ್ವಲ್ಪ ದಪ್ಪವೂ ಆಗಿತ್ತು. ವಾರ ಕಳೆದ ಮೇಲೆ ಕೊಯ್ದೆವು. ಕಾಯಿಯ ಪಲ್ಯ ಆಯಿತು, ಸಿಪ್ಪೆ ಹುರಿದು ಶೇಂಗಾ ಹಾಕಿ ಚಟ್ನಿಯೂ ಆಯಿತು. ಅತ್ತೆ ಎರಡು ರೊಟ್ಟಿ ಜಾಸ್ತಿ ತಿಂದರು. (ಒಂದು ಮಾತು: ಮನೆಯಲ್ಲಿ ಬೆಳೆದ ಹೀರೇಕಾಯಿಯಾದರೂ ಹೆಚ್ಚುವ ಮೊದಲು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಎಸೆದುಬಿಡಿ. ಬೇಯಿಸಿದರೆ ಆ ಕಹಿ ಹೋಗುವುದಿಲ್ಲ, ಹೊಟ್ಟೆ ಕೆಡುತ್ತದೆ.)

ಟೊಮೆಟೊ ವಿಷಯದಲ್ಲಿ ಸೋತೆ. ಕೈತೋಟದ ಬಗ್ಗೆ ಎಲ್ಲೋ ಓದಿ ಮಾರ್ಚ್‌ನಲ್ಲಿ ಸಸಿ ಹಚ್ಚಿದ್ದೆ. ಗಿಡ ಚೆನ್ನಾಗಿ ಬಂತು, ಏಪ್ರಿಲ್ ಹೊತ್ತಿಗೆ ಹೂ ಬಿಟ್ಟಿತು, ಹೂವೆಲ್ಲ ಉದುರಿತು. ನೀರು ಸಾಲದು ಎಂದು ಇನ್ನಷ್ಟು ಹಾಕಿದೆ, ನೆರಳು ಕಟ್ಟಿದೆ, ಏನೂ ಆಗಲಿಲ್ಲ. ಬಿಸಿಲು 40 ಡಿಗ್ರಿ ಮುಟ್ಟಿ ರಾತ್ರಿಯೂ ಸೆಕೆ ಇದ್ದರೆ ಟೊಮೆಟೊ ಹೂವಿನ ಪರಾಗವೇ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ. ನಾನು ಓದಿದ್ದು ಬೆಂಗಳೂರಿನ ಹವೆಗೆ ಬರೆದದ್ದು, ಅಷ್ಟೇ. ನಮ್ಮಲ್ಲಿ ಆಗಸ್ಟ್ ಕೊನೆಗೆ ಬೀಜ ಹಾಕಿದರೆ ಚಳಿಗಾಲದಲ್ಲಿ ಹಣ್ಣು ಕೊಯ್ಯಬಹುದು. ಮೆಂತ್ಯ, ಕೊತ್ತಂಬರಿಗೂ ಚಳಿಗಾಲವೇ ಸರಿ. ಬೇಸಿಗೆಯಲ್ಲಿ ಹಾಕಿದರೆ ಎಲೆ ಬಿಡುವ ಮೊದಲೇ ಹೂವಿಗೆ ನಿಲ್ಲುತ್ತವೆ. ಬಿಸಿಲಿಗೆ ಹೆದರದವು ಬೇರೆ ಇವೆ. ಪುಂಡಿ, ಬೆಂಡೆ, ಚವಳಿಕಾಯಿ (ಗೋರಿಕಾಯಿ), ರಾಜಗಿರಿ. ಪುಂಡಿಯಂತೂ ಬೀಜ ಚೆಲ್ಲಿದರೆ ಸಾಕು. ತುದಿ ಚಿವುಟಿದಷ್ಟೂ ಕವಲು ಒಡೆಯುತ್ತದೆ, ತಿಂಗಳುಗಟ್ಟಲೆ ಪಲ್ಯಕ್ಕೆ ಸೊಪ್ಪು ಸಿಗುತ್ತದೆ.

ನೀರಿನ ಕಷ್ಟ ನಮ್ಮ ಊರಿನವರಿಗೆ ಹೇಳಬೇಕಿಲ್ಲ. ಅಕ್ಕಿ, ಬೇಳೆ ತೊಳೆದ ನೀರನ್ನು ಚೆಲ್ಲದೆ ಗಿಡಕ್ಕೆ ಹಾಕುತ್ತೇನೆ. ಶೇಂಗಾ ಸಿಪ್ಪೆಯನ್ನು ಬುಡಕ್ಕೆ ದಪ್ಪಗೆ ಹರಡಿದರೆ ಸಂಜೆಯವರೆಗೂ ಮಣ್ಣು ತೇವ ಇರುತ್ತದೆ. ಶೇಂಗಾ ತಿನ್ನದ ಮನೆ ನಮ್ಮಲ್ಲಿ ಯಾವುದಿದೆ ಹೇಳಿ?

ಇನ್ನು ಮಗನ ಕತೆ. ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲೆ ಮೊಬೈಲ್ ಹಿಡಿದು ಕೂತಿದ್ದ. ಒಂದು ದಿನ ಸುಮ್ನೆ ಕೇಳಿದೆ, ರೊಟ್ಟಿ ಬಡಿಯಲು ಬರುತ್ತಾ ನಿನಗೆ? ಅದೇನು ಮಹಾ ಎಂದು ಬಂದ. ಹಿಟ್ಟಿಗೆ ತಣ್ಣೀರು ಹಾಕಿ ಕಲಸಿದ, ಬಡಿದರೆ ಸುತ್ತ ಬಿರುಕು, ಎತ್ತಿದರೆ ಕೈಯಲ್ಲೇ ಎರಡು ತುಂಡು. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ, ಎಸರು ಕುದಿಸಿ ಹಿಟ್ಟಿಗೆ ಹಾಕಿದರೇನೇ ಅದಕ್ಕೆ ಜಿಗಿ ಬರುವುದು. ಅದನ್ನು ನಾನು ಮೊದಲೇ ಹೇಳಲಿಲ್ಲ, ಬೇಕೆಂದೇ. ಎರಡು ದಿನ ಒದ್ದಾಡಿ ಅವನೇ ಅಜ್ಜಿಯ ಹತ್ತಿರ ಹೋಗಿ ಕೇಳಿದ. ಅಜ್ಜಿ ಕುರ್ಚಿ ಹಾಕಿಸಿಕೊಂಡು ಅಡುಗೆಮನೆಯಲ್ಲೇ ಕೂತರು. ಹಿಟ್ಟು ಹಳೆಯದಾದರೆ ರೊಟ್ಟಿ ಹರಿಯುತ್ತದೆ, ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರಬೇಕು, ಎಲ್ಲ ಒಂದೊಂದಾಗಿ ಹೇಳಿಕೊಟ್ಟರು. ಹರಿದ ರೊಟ್ಟಿಗಳೂ ಹಾಳಾಗಲಿಲ್ಲ. ಬಿಸಿ ಇರುವಾಗಲೇ ಬೆಳ್ಳುಳ್ಳಿ, ಕೆಂಪು ಖಾರ, ಉಪ್ಪು, ಎಣ್ಣೆ ಹಾಕಿ ಕುಟ್ಟಿ ಮುಟಗಿ ಮಾಡಿದೆವು. ಒಂಬತ್ತನೇ ದಿನ ಒಂದು ರೊಟ್ಟಿ ಪೂರ್ತಿ ಉಬ್ಬಿತು. ಅವನು ಕೂಗಿದ ಕೂಗಿಗೆ ಯಜಮಾನರು ಸ್ನಾನದ ಮನೆಯಿಂದ ಓಡಿ ಬಂದರು.

ಸಂಪಾದಕರೇ, ನನ್ನ ವಿನಂತಿ ಇದು. ವಾರಕ್ಕೊಮ್ಮೆ ಒಂದು ಚಿಕ್ಕ ಜಾಗ, ಹತ್ತು ಸಾಲು ಸಾಕು, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಗಳಿಗಾಗಿ ಇಡಿ. ಈ ತಿಂಗಳು ನಮ್ಮ ಬಿಸಿಲಿಗೆ ಯಾವ ಬೀಜ ಹಾಕಬಹುದು, ಯಾವುದು ಬೇಡ ಎಂದು ಅದರಲ್ಲಿ ಬರಲಿ. ಕೃಷಿ ವಿಶ್ವವಿದ್ಯಾಲಯ ನಮ್ಮ ಊರಿನಲ್ಲೇ ಇದೆ, ಅಲ್ಲಿನ ತಿಳಿದವರಿಂದ ಬರೆಸಬಹುದು ಅಲ್ವಾ? ಜೊತೆಗೆ ಓದುಗರೂ ಮಾಡಿ ನೋಡಿದ್ದನ್ನು ಬರೆಯಲಿ, ಕೆಟ್ಟುಹೋದದ್ದನ್ನೂ ಬರೆಯಲಿ. ನನ್ನ ಟೊಮೆಟೊ ಕತೆಯನ್ನು ಫೆಬ್ರುವರಿಯಲ್ಲೇ ಯಾರಾದರೂ ಬರೆದಿದ್ದರೆ ನಾನು ಆ ಡಬ್ಬಿಯಲ್ಲಿ ಬೆಂಡೆ ಹಾಕುತ್ತಿದ್ದೆ. ಹೀರೇಕಾಯಿ ಹೂ ಸಂಜೆ ಅರಳುತ್ತದೆ ಎಂಬ ಒಂದು ಸಾಲು ಓದಿದ್ದರೆ ಎಷ್ಟೋ ಕಾಯಿ ಉಳಿಯುತ್ತಿದ್ದವು. ಕಾಕಾನಂಥವರು ಎಲ್ಲರ ಪಕ್ಕದ ಮನೆಯಲ್ಲೂ ಇರುವುದಿಲ್ಲ.

ಈ ಬೇಸಿಗೆಯೂ ನಾವು ಊರಲ್ಲೇ ಇದ್ದೇವೆ. ಚವಳಿಕಾಯಿ ಬೀಜ ನಿನ್ನೆ ರಾತ್ರಿ ನೆನೆಸಿಟ್ಟಿದ್ದೆ, ಇವತ್ತು ಸಂಜೆ ಬಿಸಿಲು ಇಳಿದ ಮೇಲೆ ಊರುತ್ತೇನೆ. ಬಿಳಿ ಹಿಟ್ಟಿನಂಥ ಹುಳು ದಾಸವಾಳದಿಂದ ಪಕ್ಕದ ಬೆಂಡೆಗೂ ಹತ್ತುತ್ತಿದೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪಿನ ನೀರು ಬೆರೆಸಿ ಹೊಡೆಯುತ್ತಿದ್ದೇನೆ, ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಗೊತ್ತಿದ್ದವರು ನಿಮ್ಮ ಪತ್ರಿಕೆಯಲ್ಲೇ ದಯವಿಟ್ಟು ಬರೆಯಿರಿ, ನಾನು ದಿನಾ ನೋಡುತ್ತಿರುತ್ತೇನೆ.

— ಒಬ್ಬ ಗೃಹಿಣಿ, ರಾಯಚೂರು