ಯಾವ ಆಯಿಲ್ ಷೇರು ಸ್ವಾಮೀ?

ಮಾನ್ಯ ಸಂಪಾದಕರೇ,

ಕಚ್ಚಾತೈಲದ ರೇಟು ಏರಿತು ಅಂದ ಕೂಡಲೇ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ‘ಆಯಿಲ್ ಷೇರು ತಗೊಳ್ಳಿ’ ಅನ್ನೋ ಸಲಹೆ ಶುರುವಾಗುತ್ತದೆ. ನೆಲದಿಂದ ಎಣ್ಣೆ ತೆಗೆಯುವ ಒಎನ್‌ಜಿಸಿ ಬೇರೆ, ಬಂಕಿನಲ್ಲಿ ಪೆಟ್ರೋಲ್ ಮಾರುವ ಎಚ್‌ಪಿಸಿಎಲ್ ಬೇರೆ ಅಲ್ವಾ?

2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದಾಗ, ಪೂರೈಕೆ ಎಲ್ಲಿ ನಿಂತುಹೋಗುತ್ತದೋ ಅನ್ನೋ ಭಯಕ್ಕೇ ಬ್ರೆಂಟ್ (ಜಾಗತಿಕ ಬೆಲೆಗೆ ಅಳತೆಗೋಲಾದ ಕಚ್ಚಾತೈಲ) ಬ್ಯಾರಲ್‌ಗೆ 130 ಡಾಲರ್ ದಾಟಿತು. ತೆಗೆಯುವವರಿಗೆ ಸುಗ್ಗಿ. ಮಾರುವವರು ಮಾತ್ರ ದುಬಾರಿ ಎಣ್ಣೆ ಕೊಂಡು, ಬಂಕಿನ ರೇಟು ಏರಿಸಲಾಗದೆ ಒದ್ದಾಡಿದರು. ಆ ಏಪ್ರಿಲ್-ಜೂನ್‌ನಲ್ಲಿ ಎಚ್‌ಪಿಸಿಎಲ್ ಒಂದೇ 10,000 ಕೋಟಿ ರೂಪಾಯಿಗೂ ಜಾಸ್ತಿ ನಷ್ಟ ತೋರಿಸಿತು. ತೆಗೆಯುವವರಿಗೂ ಆ ಸುಗ್ಗಿ ಪೂರ್ತಿ ದಕ್ಕಲಿಲ್ಲ ಬಿಡಿ. ಜುಲೈ 1ರಂದು ಕೇಂದ್ರ ಸರ್ಕಾರ ವಿಂಡ್‌ಫಾಲ್ (ದಿಢೀರ್ ಬಂದ ಲಾಭದ ಮೇಲಿನ) ತೆರಿಗೆ ಹಾಕಿದ್ದೇ ತಡ, ಒಎನ್‌ಜಿಸಿ ಷೇರು ಅದೇ ದಿನ ಶೇ 10ಕ್ಕಿಂತ ಹೆಚ್ಚು ಕುಸಿಯಿತು.

ಬೇಡಿಕೆ ಸತ್ತರೆ ಏನಾಗುತ್ತದೆ ಅಂತ 2020ರ ಏಪ್ರಿಲ್ 20ರಂದು ನೋಡಿದ್ದೇವೆ. ಲಾಕ್‌ಡೌನ್‌ನಲ್ಲಿ ಗಾಡಿ, ವಿಮಾನ ಎಲ್ಲ ನಿಂತು, ಅಮೆರಿಕದ ತೈಲ ಸಂಗ್ರಹ ಕೇಂದ್ರ ಕುಶಿಂಗ್‌ನಲ್ಲಿ ಎಣ್ಣೆ ಇಡಲು ಟ್ಯಾಂಕ್ ಸಿಗದೆ, ಅಲ್ಲಿನ ಕಚ್ಚಾತೈಲದ ಫ್ಯೂಚರ್ಸ್ (ಮುಂದೆ ಎಣ್ಣೆ ಕೊಡುವ ಕರಾರು) ಬೆಲೆ ಬ್ಯಾರಲ್‌ಗೆ ಮೈನಸ್ 37.63 ಡಾಲರ್‌ಗೆ ಇಳಿಯಿತು. ಅಂದರೆ ಎಣ್ಣೆ ಒಯ್ಯಿರಿ, ದುಡ್ಡೂ ನಾವೇ ಕೊಡುತ್ತೇವೆ ಅನ್ನೋ ಸ್ಥಿತಿ!

ನಾನೂ 2022ರ ಮಾರ್ಚ್‌ನಲ್ಲಿ ಟೀ ಅಂಗಡಿ ಮಾತು ಕೇಳಿ ಒಂದು ಬಂಕ್ ಕಂಪನಿಯ ಷೇರು ತಗೊಂಡೆ. ನಮ್ಮ ಮನೆಯವಳು ಇವತ್ತಿಗೂ ಅದನ್ನೇ ಹೇಳಿ ಚುಚ್ಚೋದು ಬಿಟ್ಟಿಲ್ಲ. ನಿಮ್ಮ ವಾಣಿಜ್ಯ ಪುಟದಲ್ಲಿ ಸುಮ್ನೆ ಕಚ್ಚಾತೈಲದ ರೇಟು ಹಾಕುವ ಬದಲು, ಪಕ್ಕದಲ್ಲೇ ಅಮೆರಿಕದಲ್ಲಿ ಆ ವಾರದ ಕಚ್ಚಾತೈಲದ ದಾಸ್ತಾನು, ರಿಫೈನರಿ ಮಾರ್ಜಿನ್ (ಎಣ್ಣೆ ಸಂಸ್ಕರಿಸಿದರೆ ಬ್ಯಾರಲ್‌ಗೆ ಉಳಿಯುವ ಹಣ) ಎಷ್ಟು ಅಂತಲೂ ಹಾಕಿ.

– ಒಬ್ಬ ಓದುಗ, ಮೈಸೂರು