ಕಡಲಂಚಿನ ಜಾಗವನ್ನು ಆಷಾಢದಲ್ಲಿ ನೋಡಿ

ಮಾನ್ಯ ಸಂಪಾದಕರೇ,

‘ಬೀಚ್‌ಗೆ ತಾಗಿದ 40 ಸೆಂಟ್ಸ್ ಜಾಗ ಮಾರಾಟಕ್ಕಿದೆ. ರೆಸಾರ್ಟ್, ಹೋಂಸ್ಟೇಗೆ ಹೇಳಿ ಮಾಡಿಸಿದ್ದು.’ ಇಂಥ ಜಾಹೀರಾತು ನಮ್ಮ ಸಾಗರ ತಾಲೂಕಿನ ಕಡೆ ಈಗ ಜಾಸ್ತಿ ಕಣ್ಣಿಗೆ ಬೀಳುತ್ತಿವೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಶುರುವಾದ ಮೇಲೆ ಲಾಂಚ್‌ಗೆ ಕಾಯುವ ಗೋಜಿಲ್ಲ. ಕೊಲ್ಲೂರು, ಬೈಂದೂರು ಹತ್ತಿರವಾದವು. ಇತ್ತ ಎಲೆಚುಕ್ಕಿ ರೋಗ ಬಂದು, ಅಡಿಕೆ ತೋಟ ಒಂದನ್ನೇ ನಂಬಿ ಕೂರುವ ಧೈರ್ಯ ಸಾಲುತ್ತಿಲ್ಲ. ಮಕ್ಕಳಿಗೆ ಬೇರೆ ಏನಾದರೂ ಮಾಡಿಡೋಣ ಅನ್ನಿಸುವುದು ಸಹಜ ಅಲ್ವಾ?

ನನ್ನ ಭಾವಮೈದುನನಿಗೂ ಹಾಗೇ ಅನ್ನಿಸಿತು. ಶಿವರಾತ್ರಿ ಕಳೆದ ಮೇಲೆ ಬೈಂದೂರಿನಿಂದ ದಕ್ಷಿಣಕ್ಕೆ ಒಂದು ಹಳ್ಳಿಯಲ್ಲಿ ಜಾಗ ನೋಡಿ, ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ಬಂದ. ಆಮೇಲೆ ನನಗೆ ಹೇಳಿದ. ನಾನು ಮೂವತ್ತೊಂದು ವರ್ಷ ಭೂಮಾಪಕನಾಗಿ ಸರಪಳಿ ಎಳೆದವನು. ಟೇಪು ಹಿಡಿದು ಅವನ ಜೊತೆ ಹೊರಟೆ.

ಕಾಗದದಲ್ಲಿ ಚಕ್ಕುಬಂದಿ ಓದಿದೆ. ಪೂರ್ವಕ್ಕೆ ರಸ್ತೆ. ಉತ್ತರಕ್ಕೂ ದಕ್ಷಿಣಕ್ಕೂ ತೆಂಗಿನ ತೋಟ. ಪಶ್ಚಿಮಕ್ಕೆ ಸಮುದ್ರ. ನಮ್ಮಲ್ಲಿ ಎಲ್ಲೆ ಅಂದರೆ ಅಗಳ, ಧರೆ, ಬಾಂದು ಕಲ್ಲು. ಇಟ್ಟಲ್ಲಿ ಇರುತ್ತವೆ. ಇಲ್ಲಿ ಪೂರ್ವದ ಎರಡು ಕಲ್ಲು ಸಿಕ್ಕಿದವು. ಪಶ್ಚಿಮದ್ದರಲ್ಲಿ ಒಂದು ಸಿಗಲೇ ಇಲ್ಲ. ಇನ್ನೊಂದು ಅಲೆ ಹಿಂದೆ ಸರಿದಾಗ ಮಾತ್ರ ಕಾಣುತ್ತಿತ್ತು. ವಾಲಿಕೊಂಡಿತ್ತು, ಮೈತುಂಬ ಚಿಪ್ಪು ಹತ್ತಿತ್ತು. ಹತ್ತಿರದ ತೆಂಗಿನ ಮರದ ಬೇರು ಮೊಣಕಾಲೆತ್ತರ ಬಯಲಿಗೆ ಬಿದ್ದಿತ್ತು. ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಅಮ್ಮ ನಮ್ಮನ್ನು ನೋಡಿ, “ಮಳ್ಗಾಲ್ದಗೆ ಬಂದ್ ಕಾಣಿ” ಅಂದರು.

ಕಸಕಡ್ಡಿ, ಚಿಪ್ಪು ಸಾಲಾಗಿ ನಿಂತ ಉಬ್ಬರದ ಗೆರೆಯಿಂದ ರಸ್ತೆಯವರೆಗೆ ಟೇಪು ಹಿಡಿದೆ. 85 ಮೀಟರ್. ಕಾನೂನಿನ ಗೆರೆ ಸರ್ಕಾರದ ನಕ್ಷೆಯಲ್ಲಿ ಇರುತ್ತದೆ, ನನ್ನದು ಅಂದಾಜು. ಆದರೆ ಹತ್ತಿಪ್ಪತ್ತು ಮೀಟರ್ ಆಚೀಚೆ ಆದರೂ ಇಲ್ಲಿ ಏನೂ ಬದಲಾಗುವುದಿಲ್ಲ. ಕರಾವಳಿ ನಿಯಂತ್ರಣ ವಲಯ, ಎಲ್ಲರೂ ಸಿಆರ್‌ಝಡ್ ಅನ್ನುವ ನಿಯಮ, 1991ರಿಂದಲೇ ಇದೆ. 2019ರ ಅಧಿಸೂಚನೆ ಪ್ರಕಾರ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ರೆಸಾರ್ಟ್ ಕಟ್ಟುವ ಹಾಗಿಲ್ಲ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರ್‌ಗೆ 2161ಕ್ಕಿಂತ ಜಾಸ್ತಿ ಜನ ಇದ್ದ ಹಳ್ಳಿಗೆ ಮಾತ್ರ ಅದು 50 ಮೀಟರ್. ಈ ಹಳ್ಳಿ ಆ ಸಾಲಿಗೆ ಸೇರಿಲ್ಲ. ಅಂದರೆ 40 ಸೆಂಟ್ಸ್, ನಮ್ಮ ಲೆಕ್ಕದ 16 ಗುಂಟೆ, ಪೂರ್ತಿ ನಿಷೇಧದ ಒಳಗೇ ಇದೆ. ತೆಂಗು ನೆಡಬಹುದು. ರೆಸಾರ್ಟ್ ಏಳುವುದಿಲ್ಲ.

“ಕನ್ವರ್ಷನ್ ಆಗಿದೆ ಸಾರ್, ಸುಮ್ನೆ ಯಾಕೆ ಹೆದರ್ತೀರಿ” ಅಂದ ಮಧ್ಯವರ್ತಿ. ಕನ್ವರ್ಷನ್ ಆದರೆ ಕೃಷಿ ಜಮೀನು ಕೃಷಿಯೇತರ ಆಯಿತು, ಅಷ್ಟೇ. ಸಿಆರ್‌ಝಡ್ ಒಪ್ಪಿಗೆ ಬೇರೆಯೇ. ಕೊಚ್ಚಿ ಹತ್ತಿರದ ಮರಡುವಿನಲ್ಲಿ ಸ್ಥಳೀಯ ಪಂಚಾಯಿತಿಯ ಪರವಾನಗಿ ಪಡೆದೇ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯ ಎದ್ದಿದ್ದವು. ಸಿಆರ್‌ಝಡ್ ನಿಯಮ ಮೀರಿದ್ದಕ್ಕೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಜನವರಿಯಲ್ಲಿ ನಾಲ್ಕನ್ನೂ ಸ್ಫೋಟಿಸಿ ಕೆಡವಿದರು. ಟಿವಿಯಲ್ಲಿ ನಾವೆಲ್ಲ ನೋಡಿದ್ದೆವು. ದುಡ್ಡು ಹಾಕಿ ಮನೆ ಕೊಂಡವರು ಗಂಟುಮೂಟೆ ಹೊತ್ತು ಇಳಿದು ಬಂದಿದ್ದರು.

ಆ ಅಮ್ಮ ಹೇಳಿದ ಮಾತು ತಲೆಯಲ್ಲೇ ಇತ್ತು. ಆಷಾಢದಲ್ಲಿ ಮತ್ತೆ ಹೋದೆ. ನಾವು ಮರಳ ಮೇಲೆ ಬುತ್ತಿ ಬಿಚ್ಚಿ ಉಂಡಿದ್ದ ಜಾಗದಲ್ಲಿ ನೀರು ಆಡುತ್ತಿತ್ತು. ಬೇರು ಬಿಟ್ಟಿದ್ದ ತೆಂಗಿನ ಮರ ಮಲಗಿತ್ತು. ಮಳೆಗಾಲದ ಅಲೆ ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತದೆ. ಮಳೆ ಕಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ತಂದು ಹಾಕುತ್ತದೆ. ಬೇಸಿಗೆಯಲ್ಲಿ ದಂಡೆ ಅಗಲವಾಗಿ, ಚಂದವಾಗಿ ಕಾಣುತ್ತದೆ. ಜಾಗ ತೋರಿಸುವುದೂ ಆಗಲೇ. ತೋಟ ಕೊಳ್ಳುವಾಗ ನಾವು ಬೇಸಿಗೆಯಲ್ಲಿ ಹೋಗಿ ಬಾವಿಗೆ ಇಣುಕುತ್ತೇವೆ, ನೀರಿದೆಯೋ ಅಂತ. ಕಡಲ ಪಕ್ಕದ್ದಕ್ಕೆ ಆಷಾಢದಲ್ಲೇ ಹೋಗಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ದೊಡ್ಡ ಲೇಔಟ್ ಜಾಹೀರಾತಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಹಾಕಲೇಬೇಕು. ಕಡಲಂಚಿನ ಇಂಥ ಒಂದೇ ತುಂಡು ಜಾಗಕ್ಕೆ ಅದೂ ಇಲ್ಲ. ‘ಅಭಿವೃದ್ಧಿಗೆ ಅವಕಾಶ’ ಎಂದು ಜಾಹೀರಾತು ಕೊಡುವವರಿಂದ ಸರ್ವೆ ನಂಬರ್ ಮತ್ತು ಉಬ್ಬರದ ಗೆರೆಯಿಂದ ಎಷ್ಟು ಮೀಟರ್ ದೂರ ಅನ್ನುವ ಎರಡು ವಿಷಯ ಕೇಳಿ, ಜೊತೆಗೇ ಅಚ್ಚು ಹಾಕಿ. ಎರಡು ಸಾಲಿನ ಕೆಲಸ. ಅಷ್ಟಿದ್ದಿದ್ದರೆ ಭಾವಮೈದುನ ಮೊದಲೇ ನನ್ನ ಹತ್ತಿರ ಬರುತ್ತಿದ್ದ. ಅವನ ಅಡ್ವಾನ್ಸ್ ಇನ್ನೂ ಬಂದಿಲ್ಲ. ಆ ದುಡ್ಡು ಮಗಳ ಮದುವೆಗೆ ಅಂತ ಎತ್ತಿಟ್ಟದ್ದು.

ಇಂತಿ,
ನಿವೃತ್ತ ಭೂಮಾಪಕ, ಸಾಗರ