ಅಂಬಾರಿಯಲ್ಲಿ ಯಾರು ಕೂರಬೇಕು?

ಮೈಸೂರು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ "ದೊಡ್ಡಪ್ಪ, ನಾವು ಪರಂಪರೆಯನ್ನ ವಾಪಸ್ ತರ್ತಿದ್ದೀವಿ" ಅಂದೆ. ನಾನು ಸುಮ್ಮನಿದ್ದೆ. ನಿನ್ನ ಜೊತೆ ಫೋನಿನಲ್ಲಿ ವಾದಕ್ಕಿಳಿದರೆ ಇಬ್ಬರ ದನಿಯೂ ಏರುತ್ತದೆ, ನಿನ್ನ ದೊಡ್ಡಮ್ಮ ಬೈಯುತ್ತಾಳೆ. ಅದಕ್ಕೇ ಈ ಕಾಗದ.

ನೀನು ಪಕ್ಷದ ಕೆಲಸಕ್ಕೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಯಾವ ಪಕ್ಷ ಅನ್ನುವುದೂ ಇಲ್ಲಿ ಮುಖ್ಯವಲ್ಲ. ಪರಂಪರೆಯ ಮಾತು ಈಗ ಎಲ್ಲರ ಬಾಯಲ್ಲೂ ಇದೆ. 2023ರ ಮೇ 28ರಂದು ದಿಲ್ಲಿಯ ಹೊಸ ಸಂಸತ್ ಭವನದಲ್ಲಿ ಸ್ಪೀಕರ್ ಪೀಠದ ಬಳಿ ಸೆಂಗೋಲ್, ಅಂದರೆ ಚೋಳರ ಪರಂಪರೆಯದು ಎನ್ನುವ ರಾಜದಂಡ, ಇಟ್ಟರು. 2024ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ದಿಲ್ಲಿಯವರು ಚೋಳರನ್ನು ನೆನೆದರೆ ಇಲ್ಲಿಯವರು ಬಸವಣ್ಣನವರ ಕಲ್ಯಾಣವನ್ನು ನೆನೆಯುತ್ತಾರೆ. ಅದೇ ವರ್ಷ ನಮ್ಮೂರಿನಿಂದ ಅರಮನೆಯ ಯದುವೀರ್ ಸಂಸದರಾದರು. ಅವರು ಗೆದ್ದದ್ದು ಓಟಿನಿಂದ, ಪಟ್ಟದಿಂದಲ್ಲ ಅನ್ನುವುದನ್ನು ಮಾತ್ರ ಮರೆಯಬೇಡ.

ನಮ್ಮ ದಸರಾವನ್ನೇ ನೋಡು. ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರ್ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1805ರಲ್ಲಿ ಮುಮ್ಮಡಿ ಕೃಷ್ಣರಾಜರ ಕಾಲಕ್ಕೆ ಬಿಳಿಯರಿಗೆಂದೇ ಬೇರೆ ದರ್ಬಾರು ಸೇರಿಕೊಂಡಿತು. 1971ರಲ್ಲಿ ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾಯಿತು. ಹೆಚ್ಚುಕಡಿಮೆ ಆ ಹೊತ್ತಿಗೇ ಅಂಬಾರಿಯಲ್ಲಿ ರಾಜರ ಬದಲು ಚಾಮುಂಡೇಶ್ವರಿ ಬಂದಳು. ನಾನು ಚಿಕ್ಕವನಿದ್ದಾಗ ನಮ್ಮಪ್ಪನ ಹೆಗಲ ಮೇಲೆ ಕೂತು ಮಹಾರಾಜರನ್ನು ನೋಡಿದ್ದೆ. ಆಮೇಲೆ ಅದೇ ರಸ್ತೆಯಲ್ಲಿ ನಿಂತು ತಾಯಿಯನ್ನು ನೋಡಿದೆ. ನಿನ್ನ ಮುತ್ತಜ್ಜಿ ಎರಡು ಸಲವೂ ಒಂದೇ ಥರ ಕೈ ಮುಗಿದಳು. ಈಗ ಹುಟ್ಟಿದ ಮಕ್ಕಳಿಗೆ ಅಂಬಾರಿ ಅಂದರೆ ತಾಯಿಯೇ. ಯಾರಿಗೂ ಅದು ಹೊಸದು ಅನ್ನಿಸುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ನಿಮ್ಮ ಭಾಷಣಗಳಲ್ಲಿ ಅರಮನೆಯ ವೈಭವ ಜಾಸ್ತಿ, ಅದೇ ಮೈಸೂರು ಸಂಸ್ಥಾನ ಕಿತ್ತುಹಾಕಿದ ಪದ್ಧತಿಗಳ ಸುದ್ದಿಯೇ ಇಲ್ಲ. 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿದರು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ನಿಲ್ಲಿಸಿದರು. ಶಾಸ್ತ್ರ ಕೆಟ್ಟಿತು ಅಂದವರು ಆಗಲೂ ಇದ್ದರು. 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಂತಿತು. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆಯುವ ದಾರಿ ಅಲ್ಲಿಂದ ಶುರುವಾಯಿತು. ಇದೂ ಮೈಸೂರಿನ ಪರಂಪರೆಯೇ ಕಣೋ.

ಹಾಗಾಗಿ ನಾಳೆ ಯಾರಾದರೂ ನಿನ್ನ ಕೈಗೆ ಭಾಷಣ ಕೊಟ್ಟು "ಇದು ನಮ್ಮ ಸಂಪ್ರದಾಯ, ಹಂಚು" ಅಂದರೆ, "ಯಾವ ಇಸವಿಯ ಸಂಪ್ರದಾಯ ಸಾರ್?" ಅಂತ ಕೇಳು. ಆ ಇಸವಿಯಲ್ಲಿ ಬಾಗಿಲ ಹೊರಗೆ ನಿಂತಿದ್ದವರು ಯಾರು ಅಂತಲೂ ಕೇಳು. ನಗುನಗುತ್ತಲೇ ಕೇಳು, ಜಗಳ ಬೇಡ. ಉತ್ತರ ಬರದಿದ್ದರೆ ಹಂಚಬೇಡ, ಅಷ್ಟೆ.

ದಸರಾಕ್ಕೆ ಎರಡು ದಿನ ಮುಂಚೆಯೇ ಬಾ. ಬನ್ನಿಮಂಟಪದ ಪಂಜಿನ ಕವಾಯತಿಗೆ ಪಾಸು ಸಿಗುವುದು ಕಷ್ಟ, ನಿನ್ನ ಪಕ್ಷದ ಕಡೆಯಿಂದ ಎರಡು ಸಿಕ್ಕರೆ ಬೇಡ ಅನ್ನುವುದಿಲ್ಲ. ಮಂಡಿ ನೋವು ಹಾಗೇ ಇದೆ. ಬೊಂಬೆ ಇಡಲು ಮಹಡಿಯಿಂದ ಪೆಟ್ಟಿಗೆ ಇಳಿಸಬೇಕು, ಆ ಕೆಲಸ ನಿನಗೇ ಬಿಟ್ಟಿದ್ದೇನೆ.

ಇಂತಿ,
ನಿನ್ನ ದೊಡ್ಡಪ್ಪ